ಕಾರ್ಖಾನೆಯೊಳಗಿನ ಕತೆಗಾರರು

ಬೆಳಗಾವಿಯ ಆಟೋ ನಗರ ಅಂದರೆ ಹೊರಗಿನವರಿಗೆ ಈಗ ಅಲ್ಲಿನ ಕ್ರಿಕೆಟ್ ಮೈದಾನ ನೆನಪಾಗುತ್ತದೆ. ಈ ಊರಿನವರಿಗೆ ಅದು ಗ್ಯಾರೇಜು, ವೆಲ್ಡಿಂಗ್ ಷೆಡ್ಡು, ಲೇಥ್ ಮಷಿನ್ನುಗಳ ಜಾಗ. ಕೆಟ್ಟ ಲಾರಿಯೊಂದು ಬಂದಾಗ ಅಲ್ಲಿನ ಒಳ್ಳೆಯ ಮಿಸ್ತ್ರಿ ತಕ್ಷಣ ಪಾನಾ ಎತ್ತಿಕೊಳ್ಳುವುದಿಲ್ಲ. ಡ್ರೈವರನಿಗೆ ಚಹಾ ತರಿಸಿ, "ಏನಾತ್ರಿ ಅಣ್ಣಾ, ಮೊದಲಿಂದ ಹೇಳ್ರಿ" ಅನ್ನುತ್ತಾನೆ. ಡ್ರೈವರ ಶುರುಮಾಡುತ್ತಾನೆ. ಗೋವಾಕ್ಕೆ ಲೋಡು ಹಾಕಿಕೊಂಡು ಹೊರಟದ್ದು, ಖಾನಾಪುರ ದಾಟುವ ತನಕ ಗಾಡಿ ಚೆನ್ನಾಗಿ ಎಳೆದದ್ದು, ಆಮೇಲೆ ತಡವರಿಸಿ ನಿಂತದ್ದು, ಅರ್ಧ ತಾಸು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟದ್ದು, ಮತ್ತೆ ಅಷ್ಟೇ ದೂರ ಹೋಗಿ ನಿಂತದ್ದು. ಮಿಸ್ತ್ರಿ ನಡುವೆ ಒಂದೇ ಪ್ರಶ್ನೆ ಕೇಳುತ್ತಾನೆ: "ನಿಂತಾಗ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದಿದ್ರೇನು?" "ಹೌದ್ರಿ, ಡೀಸೆಲ್ ಐತೋ ಇಲ್ಲೋ ನೋಡಾಕ ತೆಗದೆ. ಸುಯ್ ಅಂತ ಸಪ್ಪಳ ಬಂತ್ರಿ."

ಅಲ್ಲಿಗೆ ರೋಗ ಸಿಕ್ಕಿತು. ಟ್ಯಾಂಕಿನೊಳಗೆ ಗಾಳಿ ಹೋಗುವ ಸಣ್ಣ ತೂತು ಮಣ್ಣಿನಿಂದ ಮುಚ್ಚಿದೆ. ಡೀಸೆಲ್ ಕಡಿಮೆಯಾದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಬಾರದಿದ್ದರೆ ಪಂಪು ಎಷ್ಟು ಜಗ್ಗಿದರೂ ಡೀಸೆಲ್ ಮುಂದೆ ಸಾಗದು. ಹೊತ್ತು ಕಳೆದಂತೆ ಎಲ್ಲಿಂದಲೋ ಒಂದಿಷ್ಟು ಗಾಳಿ ಒಳಸೇರುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ತಂತಿಯಿಂದ ತೂತು ಚೊಕ್ಕ ಮಾಡಿದರೆ ಕೆಲಸ ಮುಗಿಯಿತು. ಡ್ರೈವರನ ಮಾತು ಕೇಳದೆ ಕೈಹಾಕಿದ್ದರೆ ಪಂಪು ಬಿಚ್ಚಿ, ಇಂಜೆಕ್ಟರ್ ಬಿಚ್ಚಿ ಗಿರಾಕಿಯ ದಿನವೂ ಹಣವೂ ಹಾಳಾಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಹೆಲ್ಪರ್ ಹುಡುಗ ಇದನ್ನು ಮುಂದೆ ಎಂದೂ ಮರೆಯುವುದಿಲ್ಲ. ಟ್ಯಾಂಕಿನ ಗಾಳಿತೂತಿನ ಬಗ್ಗೆ ಪುಸ್ತಕದಲ್ಲಿ ಓದಿದ್ದರೆ ಮರೆಯುತ್ತಿದ್ದನೇನೋ. ಆ 'ಸುಯ್' ಎಂಬ ಸಪ್ಪಳ ಮಾತ್ರ ಅವನ ಕಿವಿಯಲ್ಲಿ ಉಳಿಯುತ್ತದೆ.

ಕೆಲಸದ ಜಾಗದಲ್ಲಿ ಕತೆ ಎಂಬ ಮಾತನ್ನು ನಾನು ಈ ಅರ್ಥದಲ್ಲಿ ಆಡುತ್ತಿದ್ದೇನೆ. ಮ್ಯಾನೇಜರುಗಳಿಗೆ ತರಬೇತಿ ಕೊಡುವವರು ಈಚೆಗೆ ಕತೆ ಹೇಳುವ ಕಲೆಯನ್ನೂ ಕಲಿಸುತ್ತಾರೆ. ವೇದಿಕೆ ಹತ್ತಿ ಮಾತಿಗೆ ಹೇಗೆ ಶುರುಹಚ್ಚಬೇಕು, ಎಲ್ಲಿ ದನಿ ಏರಿಸಬೇಕು ಎಂದೆಲ್ಲ ಹೇಳಿಕೊಡುತ್ತಾರೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವವರು, ಅದು ಗ್ಯಾರೇಜಿನ ಮಾಲಕರಿರಲಿ, ಫೌಂಡ್ರಿಯ ಸೂಪರ್‌ವೈಸರ್ ಇರಲಿ, ಆಸ್ಪತ್ರೆಯ ಹಿರಿಯ ನರ್ಸ್ ಇರಲಿ, ಅವರಿಗೆ ಅದಕ್ಕಿಂತ ಮೊದಲು ಬೇಕಾದದ್ದು ಇನ್ನೊಬ್ಬರ ಬಾಯಿಂದ ಕತೆ ಹೊರಡಿಸುವ ಶಕ್ತಿ. ತಮ್ಮ ಕತೆ ಹೇಳುವ ಸರದಿ ಆಮೇಲೆ ಬರುತ್ತದೆ.

ಇದನ್ನು ಅಮೆರಿಕದಲ್ಲಿ ಒಬ್ಬರು ಕೂಲಂಕಷವಾಗಿ ಅಭ್ಯಾಸ ಮಾಡಿದ್ದಾರೆ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ಝೆರಾಕ್ಸ್ ಕಂಪನಿಯ ರಿಪೇರಿ ಕೆಲಸಗಾರರ ಜೊತೆ ಓಡಾಡಿ, ಅವರು ದಿನವಿಡೀ ಏನು ಮಾಡುತ್ತಾರೆಂದು ನೋಡಿದರು. 1996ರಲ್ಲಿ ಅದು ಪುಸ್ತಕವಾಗಿ ಬಂತು. ಕಂಪನಿ ಪ್ರತಿಯೊಬ್ಬ ಕೆಲಸಗಾರನಿಗೂ ದಪ್ಪ ಕೈಪಿಡಿ ಕೊಟ್ಟಿತ್ತು. ಈ ಸಂಖ್ಯೆಯ ದೋಷ ಬಂದರೆ ಈ ಭಾಗ ಬದಲಿಸು ಎಂಬಂಥ ಪುಸ್ತಕ. ಕಂಪನಿಯ ಲೆಕ್ಕದಲ್ಲಿ ಅವರು ಊಟದ ಹೊತ್ತಿಗೆ ಒಟ್ಟಿಗೆ ಕೂತು ಹರಟುವುದು ವ್ಯರ್ಥ ಕಾಲ. ಆರ್ ಕಂಡದ್ದೇ ಬೇರೆ. ಕೈಪಿಡಿಗೆ ಸಿಗದ ಕಾಯಿಲೆಗಳಿಗೆಲ್ಲ ಔಷಧ ಸಿಗುತ್ತಿದ್ದದ್ದು ಆ ಹರಟೆಯಲ್ಲೇ. ಹಠ ಹಿಡಿದ ಮಷಿನ್ನಿನ ಮುಂದೆ ಕೂತು ಇಬ್ಬರು ಗಂಟೆಗಟ್ಟಲೆ ಹಳೆಯ ಮಷಿನ್ನುಗಳ ಕತೆ ಹೇಳಿಕೊಳ್ಳುತ್ತಿದ್ದರು. ಯಾವುದೋ ಒಂದು ಕತೆ ಎದುರಿಗಿದ್ದ ಮಷಿನ್ನಿಗೆ ತಾಳೆಯಾಗುತ್ತಿತ್ತು. ಮುಂದೆ ಅದೇ ಕಂಪನಿ, ಕೆಲಸಗಾರರು ಕಂಡುಕೊಂಡ ಉಪಾಯಗಳನ್ನು ಅವರೇ ಬರೆದು ಹಂಚಿಕೊಳ್ಳುವ 'ಯುರೇಕಾ' ಎಂಬ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿತು. ಅಲ್ಲಿ ಪ್ರತಿ ಉಪಾಯದ ಜೊತೆ ಅದನ್ನು ಕಂಡುಹಿಡಿದವನ ಹೆಸರಿರುತ್ತಿತ್ತು. ಕೆಲಸಗಾರರು ಹಣದ ಬಹುಮಾನಕ್ಕಿಂತ ತಮ್ಮ ಹೆಸರು ಅಲ್ಲಿರಲಿ ಎಂದು ಬಯಸಿದರಂತೆ. ನಮ್ಮ ಕಡೆಯ ಮಾಲಕರು ಗಮನಿಸಬೇಕಾದ ಮಾತು ಇದು.

ಪ್ರತಿ ಕಾರ್ಖಾನೆಯಲ್ಲೂ ಎರಡು ದಾಖಲೆಗಳು ಇರುತ್ತವೆ. ಒಂದು ರಿಜಿಸ್ಟರು. 'ಎರಡನೇ ಪಾಳಿ, ಮಷಿನ್ ಬಂದ್, ಮೂರು ತಾಸು' ಎಂದು ಅದರಲ್ಲಿ ಬರೆದಿರುತ್ತದೆ. ಇನ್ನೊಂದು, ಆ ಮೂರು ತಾಸು ಮಷಿನ್ ಎದುರು ನಿಂತವರ ಬಾಯಲ್ಲಿರುವ ದಾಖಲೆ. ಊರಿನ ಇತಿಹಾಸವೂ ಹೀಗೇ ಎರಡು ಕಡೆ ಉಳಿಯುತ್ತದೆ. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಇಂಗ್ಲಿಷರ ಕಡತಗಳಲ್ಲಿ ಆತ ಬಂಡಾಯಗಾರ. ಲಾವಣಿಕಾರರು, ಗೀಗೀ ಮೇಳದವರು ಹಾಡಿಕೊಂಡು ಬಂದ ರಾಯಣ್ಣ ಬೇರೆ. ನಮ್ಮ ಹಳ್ಳಿಗಳಿಗೆ ತಲುಪಿದವನೂ ಆ ರಾಯಣ್ಣನೇ. ರಿಜಿಸ್ಟರನ್ನಷ್ಟೇ ಓದುವ ಮ್ಯಾನೇಜರಿಗೆ ತನ್ನ ಷೆಡ್ಡಿನ ಅರ್ಧ ಇತಿಹಾಸ ಮಾತ್ರ ಗೊತ್ತಿರುತ್ತದೆ.

ಈಗ ನಮ್ಮದೇ ಜಿಲ್ಲೆಯ ಒಬ್ಬ ಉದ್ಯಮಿಯ ವಿಷಯಕ್ಕೆ ಬರುತ್ತೇನೆ. ಇವರ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕೆಂದು ನನ್ನ ಆಸೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಸಣ್ಣ ಊರು. ಆ ಒಂದು ಊರಿನಲ್ಲಿ ಕಿರ್ಲೋಸ್ಕರ ಮನೆತನದ ಇಬ್ಬರು ಹುಟ್ಟಿದರು. 1843ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದರು. 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಯಂತ್ರಗಳ ದಾರಿ ಹಿಡಿದರು. ಲಕ್ಷ್ಮಣರಾಯರಿಗೂ ಮೊದಲು ಬೇಕಾಗಿದ್ದದ್ದು ಕಲೆಯೇ. ಮುಂಬಯಿಯ ಜೆ. ಜೆ. ಕಲಾಶಾಲೆಗೆ ಚಿತ್ರ ಕಲಿಯಲು ಹೋದರು. ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯದೆಂದು ಗೊತ್ತಾಗಿ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತರು, ಮುಂಬಯಿಯಲ್ಲೇ ಅದನ್ನು ಕಲಿಸುವ ಮಾಸ್ತರರೂ ಆದರು. ಅಣ್ಣ ರಾಮುಅಣ್ಣನವರ ಜೊತೆ ಸೇರಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಶುರುಮಾಡಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲು ಮಾಡಿದರು.

ನೇಗಿಲು ಚೆನ್ನಾಗಿತ್ತು. ಕೊಳ್ಳುವವರು ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ನೇಗಿಲಿನ ತೂಕ, ಆಳ, ಬೆಲೆ ಎಲ್ಲವನ್ನೂ ಅವರು ಹೇಳಬಹುದಿತ್ತು. ಆದರೆ ರೈತನ ಮನಸ್ಸಿನಲ್ಲಿದ್ದದ್ದು ಲೆಕ್ಕ ಆಗಿರಲಿಲ್ಲ, ಭೂಮಿತಾಯಿಯ ಮೈಯಲ್ಲಿ ವಿಷ ಏರುವ ಕತೆಯಾಗಿತ್ತು. ಅದು ಮೂರ್ಖತನದಿಂದ ಹುಟ್ಟಿದ ಕತೆ ಎಂದು ನನಗೆ ಅನ್ನಿಸುವುದಿಲ್ಲ. ಒಂದೇ ಹೊಲ, ಒಂದೇ ಮಳೆಗಾಲ ಇರುವವನು ಹೊಸದಕ್ಕೆ ಅಂಜುವುದು ನ್ಯಾಯವೇ. ಅವನ ಹೆದರಿಕೆಗೆ ಉತ್ತರವಾಗಿ ಬೆಲೆಪಟ್ಟಿ ತೋರಿಸಿದರೆ ಅದು ಉತ್ತರ ಆಗುವುದಿಲ್ಲ. ಅವನಂಥದೇ ಇನ್ನೊಬ್ಬ ರೈತ, ಅಂಥದೇ ಇನ್ನೊಂದು ಹೊಲ, ಕಬ್ಬಿಣದ ನೇಗಿಲು ಹೂಡಿದ ಮೇಲೂ ಬೆಳೆದು ನಿಂತ ಪೈರು, ಇವನ್ನು ಕಣ್ಣಾರೆ ಕಂಡು ಬಂದವರ ಮಾತು ಬೇಕು. ಕಂಪ್ಯೂಟರ್ ಬಂದಾಗ ಕಚೇರಿಗಳಲ್ಲಿ, ಹೊಸ ಮಷಿನ್ ಬಂದಾಗ ಷೆಡ್ಡುಗಳಲ್ಲಿ ಎದ್ದ ಭಯವೂ ಇದೇ ಜಾತಿಯದು. 'ಇದು ಬಂದರೆ ನಮ್ಮ ಕೆಲಸ ಹೋಗುತ್ತದೆ' ಎನ್ನುವವನ ಮುಂದೆ ಮಷಿನ್ನಿನ ವೇಗ ಹೊಗಳಿ ಪ್ರಯೋಜನವಿಲ್ಲ. ಅದೇ ಮಷಿನ್ ಕಲಿತು ಅದೇ ಕಡೆ ದುಡಿಯುತ್ತಿರುವವನನ್ನು ಕರೆತಂದು ಅವನ ಪಕ್ಕ ಕೂರಿಸಬೇಕು. ಅಂಥವರು ಯಾರೂ ಸಿಗದಿದ್ದರೆ, ಆ ಭಯದಲ್ಲಿ ನಿಜವಿದೆಯೇ ಎಂದು ಮಾಲಕರೇ ಪ್ರಾಮಾಣಿಕವಾಗಿ ಯೋಚಿಸಬೇಕು.

ಬೆಳಗಾವಿಯಲ್ಲಿ ಲಕ್ಷ್ಮಣರಾಯರ ಕಾರ್ಖಾನೆ ಇದ್ದ ಜಾಗವನ್ನು ಬಿಟ್ಟುಕೊಡಬೇಕಾಯಿತು. ಹೊಸ ಬಡಾವಣೆಗಾಗಿ ಪುರಸಭೆ ಅವರನ್ನು ಅಲ್ಲಿಂದ ಎಬ್ಬಿಸಿತು. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಬಂಜರು ಭೂಮಿಯಲ್ಲಿ, ಕುಂಡಲ್ ರೋಡ್ ರೈಲ್ವೆ ನಿಲ್ದಾಣದ ಹತ್ತಿರ ಹೊಸ ಕಾರ್ಖಾನೆ ಎದ್ದಿತು. ಅದು ಕಿರ್ಲೋಸ್ಕರವಾಡಿ. ನನ್ನ ಇಂದಿನ ಮಾತಿಗೆ ಮುಖ್ಯವಾದದ್ದು ಅಲ್ಲಿ ಹತ್ತು ವರ್ಷದ ನಂತರ ನಡೆದದ್ದು. 1920ರಲ್ಲಿ ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್ ಕಿರ್ಲೋಸ್ಕರರು 'ಕಿರ್ಲೋಸ್ಕರ ಖಬರ್' ಎಂಬ ಪತ್ರಿಕೆ ಶುರುಮಾಡಿದರು. ನೇಗಿಲು ಮಾಡುವ ಕಾರ್ಖಾನೆಗೆ ಪತ್ರಿಕೆ ಯಾಕೆ? ಗಿರಾಕಿಗಳಿಗೂ ಏಜೆಂಟರಿಗೂ ಕಾರ್ಖಾನೆಯ ಸುದ್ದಿ ಮುಟ್ಟಿಸಲು. ಶಂಕರರಾಯರು ಸ್ವತಃ ಚಿತ್ರಕಾರರು, ಬರಹಗಾರರು. ಬೆಲೆಪಟ್ಟಿಯಾಗಿ ಉಳಿಯಬಹುದಾಗಿದ್ದ ಆ ಪತ್ರಿಕೆ ಅವರ ಕೈಯಲ್ಲಿ ಕತೆ, ಲೇಖನ, ಚಿತ್ರ ಎಲ್ಲ ಸೇರಿದ ಮಾಸಿಕವಾಗಿ ಬೆಳೆಯಿತು. ಮುಂದೆ 1930ರಲ್ಲಿ ಹೆಂಗಸರಿಗಾಗಿ 'ಸ್ತ್ರೀ', 1934ರಲ್ಲಿ 'ಮನೋಹರ' ಅದೇ ಕಾರ್ಖಾನೆಯ ಊರಿನಿಂದ ಹೊರಬಂದವು. ನೇಗಿಲು ಮಾಡಲು ಕಬ್ಬಿಣ ಸಾಕು, ಅದನ್ನು ಕೊಳ್ಳುವ ಧೈರ್ಯ ಬರುವಂಥ ಸಮಾಜವನ್ನು ಮಾಡಲು ಮಾತು ಬೇಕು ಎಂದು ಆ ಮನೆತನದವರಿಗೆ ಅರ್ಥವಾಗಿತ್ತು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ಇಷ್ಟು ಹಿಂದೆ, ನಮ್ಮ ಜಿಲ್ಲೆಯ ಮನೆತನವೊಂದು ಮಾಡಿ ತೋರಿಸಿದ ಈ ಕೆಲಸವನ್ನು ನಾವು ಇನ್ನೂ ಸರಿಯಾಗಿ ನೆನೆಸಿಕೊಂಡಿಲ್ಲ ಎಂಬ ಬೇಸರ ನನಗಿದೆ.

ಇನ್ನು ಫೌಂಡ್ರಿಗಳು. ಬೆಳಗಾವಿಯ ಹೆಸರು ದೇಶದ ಎರಕದ ನಕ್ಷೆಯಲ್ಲಿ ದೊಡ್ಡದು. ಉದ್ಯಮಬಾಗ, ಮಚ್ಚೆಯ ಕಡೆ ಹೋದರೆ ಕುಲುಮೆಗಳ ಬಿಸಿ ಮುಖಕ್ಕೆ ಬಡಿಯುತ್ತದೆ. ಕರಗಿದ ಕಬ್ಬಿಣ ಸುಮಾರು 1,400 ಡಿಗ್ರಿಯಷ್ಟು ಬಿಸಿ ಇರುತ್ತದೆ. ಅಲ್ಲಿ ಎಲ್ಲಕ್ಕಿಂತ ಅಪಾಯದ ವಸ್ತು ಬೆಂಕಿ ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರಿಗೆ ಗೊತ್ತು, ಅಪಾಯ ಇರುವುದು ನೀರಿನಲ್ಲಿ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಒದ್ದೆ ಸ್ಕ್ರ್ಯಾಪ್ ಫರ್ನೇಸಿಗೆ ಬಿದ್ದು ಲೋಹದಡಿ ಸಿಕ್ಕಿಕೊಂಡರೆ, ಸರಿಯಾಗಿ ಒಣಗದ ಲೇಡಲ್ಲಿಗೆ ಲೋಹ ಸುರಿದರೆ, ಆ ಹಿಗ್ಗುವಿಕೆ ಕರಗಿದ ಕಬ್ಬಿಣವನ್ನು ಮೇಲಕ್ಕೆ ಎರಚುತ್ತದೆ. ಬೆಳಗಾವಿಯ ಮಳೆಗಾಲ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಬಿದ್ದ ಸ್ಕ್ರ್ಯಾಪ್ ರಾಶಿಯಲ್ಲಿ ಯಾವ ಪೈಪಿನೊಳಗೆ, ಯಾವ ಡಬ್ಬಿಯೊಳಗೆ ನೀರು ನಿಂತಿದೆಯೋ ಹೇಳಲಾಗದು.

ಗೋಡೆಯ ಮೇಲೆ 'ಸುರಕ್ಷತೆಯೇ ಮೊದಲು' ಎಂಬ ಫಲಕ ಇರುತ್ತದೆ. ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಪ್ರತಿಜ್ಞೆ ತಪ್ಪಲ್ಲ. ಆದರೆ ಒಡಿಶಾದಿಂದಲೋ ಬಿಹಾರದಿಂದಲೋ ಹೋದ ತಿಂಗಳು ಬಂದ ಹುಡುಗ ಕನ್ನಡದ ಪ್ರತಿಜ್ಞೆಗೆ ತುಟಿ ಅಲ್ಲಾಡಿಸುತ್ತಾನೆ, ಅಷ್ಟೇ. ನಾನು ಕಂಡ ಒಬ್ಬ ಹಿರಿಯ ಫೋರ್‌ಮನ್ ಮಳೆಗಾಲದ ಮೊದಲ ವಾರ ಹೊಸಬರನ್ನೆಲ್ಲ ಸ್ಕ್ರ್ಯಾಪ್ ರಾಶಿಯ ಹತ್ತಿರ ಕರೆದೊಯ್ಯುತ್ತಿದ್ದರು. ರಾಶಿಯಿಂದ ಒಂದು ಪೈಪು ಎತ್ತಿ ಓರೆ ಮಾಡುತ್ತಿದ್ದರು. ಒಳಗಿಂದ ನೀರು ಸುರಿಯುತ್ತಿತ್ತು. ಆಮೇಲೆ ತಮ್ಮ ತೋಳಿನ ಸುಟ್ಟ ಕಲೆ ತೋರಿಸಿ, ಅದು ಆದ ದಿನದ ಕತೆಯನ್ನು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಹೇಳುತ್ತಿದ್ದರು. ಬೆಳಿಗ್ಗೆ ಎಷ್ಟು ಹೊತ್ತು, ಯಾರು ಪಕ್ಕದಲ್ಲಿದ್ದರು, ಸ್ಕ್ರ್ಯಾಪನ್ನು ಯಾಕೆ ಅವಸರದಿಂದ ಹಾಕಿದರು, ಆ ಅವಸರ ಯಾರ ಆರ್ಡರಿನಿಂದ ಬಂತು. ಕೊನೆಗೆ 'ಆದ್ದರಿಂದ ಎಚ್ಚರಿಕೆ' ಎಂದು ಅವರು ಹೇಳುತ್ತಿರಲಿಲ್ಲ. ಪೈಪನ್ನು ಆ ಹುಡುಗರ ಕೈಗೆ ಕೊಟ್ಟು ಹೋಗುತ್ತಿದ್ದರು. ಹೇಳುವುದರಲ್ಲಿ ಇಂಥ ಸಂಯಮ ದೊಡ್ಡ ಭಾಷಣಕಾರರಲ್ಲೂ ನಾನು ಕಂಡದ್ದು ಕಡಿಮೆ.

ಆ ಫೋರ್‌ಮನ್ ಕತೆಯಲ್ಲಿ ಅವಸರದ ಆರ್ಡರಿನ ಮಾತನ್ನೂ ಬಿಡುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಅಪಘಾತದ ಕತೆಯನ್ನು ಎಷ್ಟೋ ಕಡೆ 'ಆ ಹುಡುಗ ಅಜಾಗರೂಕತೆ ಮಾಡಿದ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಕತೆಯಲ್ಲ, ತೀರ್ಪು. ತೀರ್ಪು ಕೇಳಿದವನು ಏನನ್ನೂ ಕಲಿಯುವುದಿಲ್ಲ. ತನ್ನ ತಪ್ಪನ್ನು ಮುಚ್ಚಿಡುವುದನ್ನು ಮಾತ್ರ ಕಲಿಯುತ್ತಾನೆ.

ಮುಚ್ಚಿಟ್ಟ ಕತೆ, ಅಥವಾ ನಾಲ್ಕು ಗೋಡೆಯೊಳಗೇ ಉಳಿದ ಕತೆ ಎಷ್ಟು ದುಬಾರಿ ಎಂಬುದಕ್ಕೆ ವಿಮಾನಯಾನದ ಒಂದು ಘಟನೆ ಹೇಳುತ್ತೇನೆ. 1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಕಂಪನಿಯ 514ನೇ ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣದ ಕಡೆ ಇಳಿಯುತ್ತ ಬೆಟ್ಟಕ್ಕೆ ಬಡಿಯಿತು. 92 ಜನ ಸತ್ತರು. ನಿಯಂತ್ರಣ ಕೇಂದ್ರದ ಅನುಮತಿಯ ಮಾತನ್ನು ಪೈಲಟ್ಟುಗಳು ಒಂದು ಅರ್ಥದಲ್ಲಿ ತೆಗೆದುಕೊಂಡರು, ಕೇಂದ್ರದವರ ಮನಸ್ಸಿನಲ್ಲಿದ್ದ ಅರ್ಥ ಇನ್ನೊಂದು. ವಿಚಾರಣೆಯಲ್ಲಿ ಹೊರಬಂದ ಸಂಗತಿ ಮನಸ್ಸನ್ನು ಕಲಕುತ್ತದೆ. ಆರು ವಾರಗಳ ಹಿಂದೆ ಬೇರೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ, ಅದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್ಟುಗಳು ತಮ್ಮ ಕಂಪನಿಗೆ ತಿಳಿಸಿದ್ದರು. ಕಂಪನಿ ತನ್ನ ಪೈಲಟ್ಟುಗಳಿಗೆ ತಿಳಿಸಿತ್ತು. ಬೇರೆ ಕಂಪನಿಯವರಿಗೆ ತಿಳಿಸುವ ದಾರಿಯೇ ಇರಲಿಲ್ಲ. ಇದರ ನಂತರ, 1976ರಲ್ಲಿ, ಪೈಲಟ್ಟುಗಳು ತಮ್ಮ ಹೆಸರು ಬಯಲಾಗದಂತೆ ಇಂಥ ಅನುಭವಗಳನ್ನು ಬರೆದು ಕಳಿಸುವ ವ್ಯವಸ್ಥೆ ಶುರುವಾಯಿತು. ಅದನ್ನು ನಡೆಸುವ ಹೊಣೆ ನಾಸಾ ಸಂಸ್ಥೆಯದು. ದಂಡ ಹಾಕುವ ಅಧಿಕಾರ ಇದ್ದವರ ಕೈಗೆ ಅದನ್ನು ಕೊಡಲಿಲ್ಲ. ಬಂದ ಕತೆಗಳಲ್ಲಿ ಆಯ್ದವನ್ನು ಪ್ರಕಟಿಸಿ ಎಲ್ಲರಿಗೂ ಹಂಚುತ್ತಾರೆ. ಹೆಸರು ಹಾಕಿ ಗೌರವಿಸಬೇಕಾದ ಕತೆಗಳಿವೆ, ಹೆಸರು ಮುಚ್ಚಿ ಕಾಪಾಡಬೇಕಾದ ಕತೆಗಳಿವೆ. ಯಾವುದು ಯಾವುದೆಂದು ತಿಳಿದು ನಡೆಯುವುದು ಮುಂದಾಳಿನ ವಿವೇಕ.

ಆಟೋ ನಗರದಲ್ಲಿ ಒಂದರ ಪಕ್ಕ ಒಂದು ಷೆಡ್ಡು. ಒಂದು ಷೆಡ್ಡಿನಲ್ಲಿ ಗ್ರೈಂಡಿಂಗ್ ಚಕ್ರ ಒಡೆದು ಒಬ್ಬನ ಕಣ್ಣು ಉಳಿದದ್ದೇ ಹೆಚ್ಚಾದರೆ, ಎರಡು ಷೆಡ್ಡು ಆಚೆಯವರಿಗೆ ಅದು ತಿಳಿಯಬೇಕು. ತಿಳಿಸಿದರೆ ಮರ್ಯಾದೆ ಹೋಗುತ್ತದೆ ಎಂದು ಮಾಲಕರು ಹಿಂಜರಿಯುತ್ತಾರೆ. ಆ ಹಿಂಜರಿಕೆ ಬಿಡಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಹೊರಗೆ ಬಾರದ ಕತೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಜನಪದರೇ ಒಂದು ಕತೆ ಕಟ್ಟಿದ್ದಾರೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ. ಕೆ. ರಾಮಾನುಜನ್ ಅವರು ಈ ಭಾಗದ ಮನೆಗಳಲ್ಲಿ ಹೇಳುವ ಕತೆಗಳನ್ನು ಕೇಳಿ ಕೂಡಿಟ್ಟವರು. ಅವರು ಲೋಕಕ್ಕೆ ಪರಿಚಯಿಸಿದ ಕನ್ನಡ ಕತೆಗಳಲ್ಲಿ ಇದೊಂದು. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಿರಲಿಲ್ಲ, ಹಾಡಿರಲಿಲ್ಲ. ಒಳಗಿದ್ದು ಇದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಗೆ ಜಾರಿದವು. ಕತೆ ಒಂದು ಜೊತೆ ಜೋಡು ಆಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಜೋಡು ಯಾರದು, ಕೋಟು ಯಾರದು ಎಂದ. ಆಕೆಗೇನು ಗೊತ್ತು? ಮಾತಿಗೆ ಮಾತು ಬೆಳೆದು, ಗಂಡ ಸಿಟ್ಟಿನಿಂದ ಎದ್ದು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಮನೆಯ ದೀಪಗಳು ಆರಿದ ಮೇಲೆ ಆ ಗುಡಿಗೆ ಬಂದು ಹರಟುವುದು ವಾಡಿಕೆಯಂತೆ. ಅವರ ಮನೆಯ ದೀಪ ತಡವಾಗಿ ಬಂದು, ಜೋಡಿನ ಕತೆ, ಕೋಟಿನ ಹಾಡು ಎಲ್ಲವನ್ನೂ ಉಳಿದ ದೀಪಗಳಿಗೆ ಹೇಳಿತು. ಮಲಗಿದ್ದ ಗಂಡ ಕೇಳಿಸಿಕೊಂಡ, ಅನುಮಾನ ಕಳೆಯಿತು. ಮನೆಗೆ ಬಂದು, ನಿನ್ನ ಕತೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅಷ್ಟು ಹೊತ್ತಿಗೆ ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ 'ನಾಗಮಂಡಲ' ನೋಡಿದವರಿಗೆ ಆ ಹರಟುವ ದೀಪಗಳು ನೆನಪಿರುತ್ತವೆ.

ಕಾರ್ಖಾನೆಯ ಬಾಗಿಲಲ್ಲೂ ಇಂಥ ಜೋಡುಗಳು ಕಾಣಿಸಿಕೊಳ್ಳುತ್ತವೆ. ಹೊರಗಿನಿಂದ ಇಬ್ಬರು ಬಂದು ಷೆಡ್ಡು ಅಳತೆ ಮಾಡಿಕೊಂಡು ಹೋಗುತ್ತಾರೆ. ಮಾಲಕರು ಯಾಕೆಂದು ಹೇಳುವುದಿಲ್ಲ. ಸಂಜೆಯೊಳಗೆ 'ಜಾಗ ಮಾರಾಟಕ್ಕಿದೆ' ಎಂಬ ಸುದ್ದಿ ಹಬ್ಬುತ್ತದೆ. ನಿಜವಾಗಿ ಅವರು ಛಾವಣಿಯ ತಗಡು ಬದಲಿಸಲು ಅಳತೆಗೆ ಬಂದವರಿರಬಹುದು. ಎರಡು ನಿಮಿಷದ ಮಾತು ಸಾಕಿತ್ತು. ಹೇಳದೆ ಬಿಟ್ಟದ್ದರಿಂದ ಒಳ್ಳೆಯ ವೆಲ್ಡರ್ ಒಬ್ಬ ಬೇರೆ ಕಡೆ ಕೆಲಸ ಹುಡುಕತೊಡಗುತ್ತಾನೆ. ಜನ ಗಾಳಿಸುದ್ದಿ ಹಬ್ಬಿಸುತ್ತಾರೆಂದು ದೂರುವ ಮಾಲಕರು, ತಾವು ಯಾವ ಕತೆಯನ್ನು ಒಳಗಿಟ್ಟುಕೊಂಡು ಕೂತಿದ್ದೇವೆ ಎಂದು ಮೊದಲು ಕೇಳಿಕೊಳ್ಳಲಿ.

ಕತೆಯನ್ನು ಕೆಟ್ಟದ್ದಕ್ಕೆ ಬಳಸುವವರೂ ಇದ್ದಾರೆ. ಸಂಬಳ ತಡವಾದ ತಿಂಗಳು ಕೆಲಸಗಾರರನ್ನು ಕೂಡಿಸಿ, ತಾನು ಬರಿಗಾಲಿನಲ್ಲಿ ಶಾಲೆಗೆ ಹೋದದ್ದು, ಒಂದೇ ಮಷಿನ್ನಿನಿಂದ ಶುರುಮಾಡಿದ್ದು ಎಲ್ಲ ಹೇಳುವ ಮಾಲಕರನ್ನು ನೀವು ಕಂಡಿರಬಹುದು. ಆ ಕತೆ ನಿಜವೇ ಇದ್ದೀತು. ಆದರೆ ಆ ದಿನ ಕೆಲಸಗಾರನಿಗೆ ಬೇಕಾದದ್ದು ಒಂದು ತಾರೀಖು. ಯಾವ ದಿನ ಸಂಬಳ ಆಗುತ್ತದೆ ಎಂದು ಹೇಳಿ, ಅದರಂತೆ ಕೊಟ್ಟ ಮೇಲೆ ಬರಿಗಾಲಿನ ಕತೆ ಹೇಳಿದರೆ ಅದಕ್ಕೆ ಬೆಲೆ. ಸ್ಥಾಪಕರ ಸಾಹಸ ಹೇಳುವಾಗಲೂ ಜೊತೆಗೆ ದುಡಿದವರ ಹೆಸರು ಬಿಟ್ಟರೆ, ಕೇಳುತ್ತ ಕೂತ ಹಳೆಯ ಕೆಲಸಗಾರನ ಮನಸ್ಸು ಅಲ್ಲೇ ಮುರಿಯುತ್ತದೆ. ಈ ವಿಷಯದಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ರೀತಿ ನನಗೆ ಹಿಡಿಸುತ್ತದೆ. 1916ರಲ್ಲಿ ಅದನ್ನು ಕಟ್ಟಿದವರು ಏಳು ಜನ ಶಿಕ್ಷಕರು. ಸಂಸ್ಥೆ ಇಷ್ಟು ದೊಡ್ಡದಾಗಿ ಬೆಳೆದ ಮೇಲೂ ಅವರ ಕತೆಯನ್ನು ಒಬ್ಬರ ಕತೆಯಾಗಿ ಮಾಡಿಲ್ಲ. ಸಪ್ತರ್ಷಿಗಳು ಎಂದೇ ಏಳೂ ಜನರನ್ನು ಒಟ್ಟಿಗೆ ನೆನೆಯುತ್ತಾರೆ.

ಅಂಕಿಸಂಖ್ಯೆ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ನೂರು ಎರಕದಲ್ಲಿ ಎಷ್ಟು ರಿಜೆಕ್ಷನ್ ಆಯಿತು ಎಂಬ ಲೆಕ್ಕ ಇಲ್ಲದೆ ಫೌಂಡ್ರಿ ನಡೆಯದು. ಮನ ಕಲಕುವ ಒಂದು ಕತೆ ಕೇಳಿ, ನೂರರಲ್ಲಿ ಒಂದು ಸಲ ಆಗುವುದನ್ನು ದಿನಾ ಆಗುತ್ತದೆಂದು ನಂಬುವ ಅಪಾಯವೂ ಇದೆ. ಲೆಕ್ಕ ಎಷ್ಟು ಎಂಬುದನ್ನು ಹೇಳುತ್ತದೆ, ಕತೆ ಹೇಗೆ ಎಂಬುದನ್ನು ಹೇಳುತ್ತದೆ; ಮೀಟಿಂಗಿನಲ್ಲಿ ಎರಡಕ್ಕೂ ಜಾಗ ಕೊಡಿ. ವಿಶ್ವಬ್ಯಾಂಕಿನಲ್ಲಿದ್ದ ಸ್ಟೀಫನ್ ಡೆನಿಂಗ್ ಅವರ ಅನುಭವ ಇದಕ್ಕೆ ಹತ್ತಿರದ್ದು. ಬ್ಯಾಂಕು ತನ್ನಲ್ಲಿರುವ ಜ್ಞಾನವನ್ನು ಲೋಕಕ್ಕೆಲ್ಲ ಹಂಚಬೇಕು ಎಂದು 1996ರ ಹೊತ್ತಿಗೆ ಅವರು ವಾದಿಸುತ್ತಿದ್ದರು. ನಕ್ಷೆ, ಪಟ್ಟಿ ತೋರಿಸಿದರು, ಯಾರೂ ಕಿವಿಗೊಡಲಿಲ್ಲ. ಆಮೇಲೆ ಒಂದು ಸಣ್ಣ ಸಂಗತಿ ಹೇಳತೊಡಗಿದರು: ಆಫ್ರಿಕಾದ ಝಾಂಬಿಯಾದ ಚಿಕ್ಕ ಊರಿನ ಆರೋಗ್ಯ ಕಾರ್ಯಕರ್ತರೊಬ್ಬರು 1995ರಲ್ಲಿ ಮಲೇರಿಯಾ ಚಿಕಿತ್ಸೆಯ ಬಗ್ಗೆ ತಿಳಿಯಲು ಕಂಪ್ಯೂಟರ್ ಮೂಲಕ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಿಂದ ಉತ್ತರ ಪಡೆದರು. ಆ ಚಿತ್ರದಲ್ಲಿ ವಿಶ್ವಬ್ಯಾಂಕ್ ಎಲ್ಲೂ ಇರಲಿಲ್ಲ. ನಾವು ಯಾಕೆ ಅಲ್ಲಿ ಇಲ್ಲ ಎಂಬ ಪ್ರಶ್ನೆ ಕೇಳಿದವರ ಮನಸ್ಸಿನಲ್ಲಿ ತಾನಾಗಿ ಎದ್ದಿತು. ಕೇಳುವವನು ಬಂದು ಕೂರಲು ಕತೆಯಲ್ಲಿ ಜಾಗ ಬಿಡುವ ಆ ರೀತಿ ಕಲಿಯುವಂಥದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕತೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕೇಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ. ಗೀಗೀ ಮೇಳದಲ್ಲಿ ಮುಂದಿನವ ಹಾಡಿದ್ದಕ್ಕೆ ಹಿಂದಿನವರು ಗೀಗೀ ಎಂದು ದನಿಗೂಡಿಸಬೇಕು. ಹರದೇಶಿ ನಾಗೇಶಿಯಲ್ಲಿ ಒಂದು ಮೇಳ ಪ್ರಶ್ನೆ ಹಾಕಿದರೆ ಇನ್ನೊಂದು ಮೇಳ ಉತ್ತರ ಕಟ್ಟಬೇಕು. ಒಬ್ಬನೇ ಹೇಳಿ ಎಲ್ಲರೂ ಸುಮ್ಮನೆ ಕೇಳುವ ಪದ್ಧತಿ ಈ ನೆಲದ್ದಲ್ಲ. ಬೆಳಗಾವಿಯಲ್ಲಂತೂ ಒಂದೇ ಷೆಡ್ಡಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ, ಹಿಂದಿ ಎಲ್ಲ ಓಡಾಡುತ್ತವೆ. ನೋಟೀಸಿನ ಭಾಷೆಯ ಬಗ್ಗೆ ಜಗಳವಾಡುವ ಊರಿನಲ್ಲಿ, ಚಹಾದ ಹೊತ್ತಿನ ಕತೆ ಯಾರನ್ನೂ ಕೇಳದೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಪಾಳಿ ಬದಲಾಗುವಾಗ ಹೋಗುವವನೂ ಬರುವವನೂ ಐದು ನಿಮಿಷ ಎದುರುಬದುರು ನಿಂತು, ಏನಾಯಿತು ಎಂಬುದನ್ನು ಆದ ಕ್ರಮದಲ್ಲೇ ಹೇಳಿ ಕೇಳಿಕೊಳ್ಳುವಂತೆ ಮಾಡಿದರೆ, ಅರ್ಧ ಎಡವಟ್ಟು ತಪ್ಪುತ್ತವೆ ಎಂಬುದು ನನ್ನ ದೃಢ ನಂಬಿಕೆ. ಆ ಐದು ನಿಮಿಷಕ್ಕೆ ಸಂಬಳ ಕೊಡಬೇಕು, ಅದನ್ನು ಕೆಲಸವೆಂದೇ ಎಣಿಸಬೇಕು.

ಕೊನೆಗೆ ಒಂದು ಅವಸರದ ವಿಷಯ. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಮಣ್ಣಿನ ಕೆಲಸ ಕಲಿಯಲು ಬಂದವರಿಗೆ ಅಲ್ಲಿ ತರಬೇತಿ ಸಿಗುತ್ತದೆ. ಕುಂಬಾರಿಕೆಗಾದರೂ ಇಂಥ ಒಂದು ಮನೆ ಇದೆ. ಆಟೋ ನಗರ, ಉದ್ಯಮಬಾಗಗಳ ಹಳೆಯ ಮಿಸ್ತ್ರಿಗಳು, ಮೋಲ್ಡರುಗಳು ನಿವೃತ್ತರಾಗುತ್ತಿದ್ದಾರೆ. ಮರಳಿನ ಹಸಿಯನ್ನು ಮುಷ್ಟಿಯಲ್ಲಿ ಹಿಡಿದೇ ಹೇಳಬಲ್ಲವರು, ಎಂಜಿನ್ ಸಪ್ಪಳ ಕೇಳಿಯೇ ಬೇರಿಂಗಿನ ಆಯುಷ್ಯ ಹೇಳಬಲ್ಲವರು ಇವರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸಿಬಿಡುತ್ತೇವೆ. ಆ ದಿನಕ್ಕಿಂತ ಮೊದಲೇ, ಹೊಸ ಐಟಿಐ ಹುಡುಗನೊಬ್ಬನನ್ನು ಅವರ ಪಕ್ಕ ಕೂರಿಸಿ, ಅವನ ಮೊಬೈಲಿನಲ್ಲಿ ಅವರ ಮಾತು ತುಂಬಿಸಿಕೊಳ್ಳಿ. ಅವರ ಮನೆಮಾತಿನಲ್ಲೇ ಹೇಳಲಿ. ನಿಮ್ಮ ಜೀವನದ ಸಾಧನೆ ಏನು ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಸಂಕೋಚಪಟ್ಟು ಸುಮ್ಮನಾಗುತ್ತಾರೆ. ಯಾವ ಮಷಿನ್ ನಿಮಗೆ ಎಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟಿತು ಎಂದು ಕೇಳಿ. ಎಲ್ಲರೂ ಕೈಬಿಟ್ಟ ಯಾವ ಕೆಲಸ ನಿಮ್ಮ ಕೈಯಲ್ಲಿ ಆಯಿತು, ಅಂದು ಜೊತೆಗೆ ಯಾರಿದ್ದರು, ಸಾಹೇಬರು ಹೇಳಿದ್ದನ್ನು ಯಾವತ್ತು ಮಾಡದೆ ಬಿಟ್ಟಿರಿ ಮತ್ತು ಯಾಕೆ ಬಿಟ್ಟಿರಿ ಎಂದು ಕೇಳಿ. ಈ ಕೊನೆಯ ಪ್ರಶ್ನೆ ಕೇಳುವಾಗ ಮ್ಯಾನೇಜರೂ ಅಲ್ಲೇ ಕೂತು ಕೇಳಿಸಿಕೊಳ್ಳಲಿ.